ಸ್ಕೂಟರ್ ಟೈರು ಮತ್ತು ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಟೈರಿನ ಮಾತು ಬಂದಾಗೆಲ್ಲ ಜನ ಮೊದಲು ಕೇಳುವುದು "ಯಾವ ಕಂಪನಿದು ಒಳ್ಳೇದು?" ಅಂತ. "ಗಾಳಿ ಎಷ್ಟಿರಬೇಕು?" ಅಂತ ಕೇಳುವವರು ಕಡಿಮೆ. ನನಗೆ ಎರಡನೆಯದೇ ದೊಡ್ಡ ಪ್ರಶ್ನೆ. ಸ್ಕೂಟರಿನ ಭಾರ ಹೊರುವುದು ಟೈರಿನೊಳಗಿನ ಗಾಳಿ. ರಬ್ಬರ್ ಆ ಗಾಳಿಯನ್ನು ಹಿಡಿದಿಟ್ಟುಕೊಂಡು ರಸ್ತೆಯನ್ನು ಕಚ್ಚುತ್ತದೆ. ಎಷ್ಟೇ ಒಳ್ಳೆಯ ಟೈರ್ ತಂದರೂ ಗಾಳಿ ಇಲ್ಲದಿದ್ದರೆ ಅದರ ಗುಣ ರಸ್ತೆಗೆ ಇಳಿಯುವುದೇ ಇಲ್ಲ. ಇಷ್ಟು ದಿನ ಮಾತಿನಲ್ಲಿ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ.

## ಶುರುವಿನಲ್ಲಿ ಕೇಳುವವು

ನನ್ನ ಸ್ಕೂಟರಿಗೆ ಎಷ್ಟು ಗಾಳಿ ಹಾಕಿಸಬೇಕು?

ಉತ್ತರ ನಿಮ್ಮ ಸ್ಕೂಟರಿನ ಮೇಲೇ ಅಂಟಿಸಿರುತ್ತದೆ. ಸೀಟಿನ ಕೆಳಗೆ, ಹಿಂದಿನ ಚಕ್ರದ ಹತ್ತಿರ ಅಥವಾ ಮುಂದಿನ ಡಬ್ಬಿಯ ಮುಚ್ಚಳದ ಒಳಗೆ ಒಂದು ಸಣ್ಣ ಸ್ಟಿಕ್ಕರ್ ಹುಡುಕಿ. ಕಿತ್ತುಹೋಗಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ಮುಂದಿನ ಚಕ್ರಕ್ಕೆ ಒಂದು ಅಂಕಿ, ಹಿಂದಿನದಕ್ಕೆ ಎರಡು ಅಂಕಿ ಇರುತ್ತವೆ. ಒಬ್ಬರೇ ಹೋಗುವಾಗ ಒಂದು, ಹಿಂದೆ ಇನ್ನೊಬ್ಬರು ಕೂತಾಗ ಇನ್ನೊಂದು.

ಎಷ್ಟೋ ಸ್ಕೂಟರುಗಳಲ್ಲಿ ಇದು ಮುಂದೆ 22, ಹಿಂದೆ 29, ಡಬಲ್ಸ್‌ಗೆ 36 ಪಿಎಸ್‌ಐ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಒಂದು ಅಳತೆ. ಇದೇನು ವಿಚಿತ್ರ ಅಂಕಿಗಳು ಅಂತ ನನಗೂ ಅನಿಸಿತ್ತು. 20, 30 ಅಂತ ಇಡಬಹುದಿತ್ತಲ್ವಾ? ಕಾರಣ ಅಳತೆಯಲ್ಲಿದೆ. ತಯಾರಕರು ಲೆಕ್ಕ ಹಾಕಿದ್ದು ಒತ್ತಡದ ಇನ್ನೊಂದು ಅಳತೆಯಾದ ಕಿಲೋಪಾಸ್ಕಲ್‌ನಲ್ಲಿ: 150, 200, 250. ಅದನ್ನು ಪಿಎಸ್‌ಐಗೆ ತಿರುಗಿಸಿದಾಗ 22, 29, 36 ಬರುತ್ತದೆ. ಪಂಪಿನ ಮೀಟರ್ ಬಾರ್ ತೋರಿಸುತ್ತಿದ್ದರೆ ಇವೇ 1.5, 2.0, 2.5. ಒಂದು ಬಾರ್ ಅಂದರೆ 14.5 ಪಿಎಸ್‌ಐ.

ನಿಮ್ಮ ಗಾಡಿಯ ಸ್ಟಿಕ್ಕರ್ ಬೇರೆ ಅಂಕಿ ಹೇಳಿದರೆ ಅದನ್ನೇ ನಂಬಿ.

ಟೈರಿನ ಪಕ್ಕದಲ್ಲೇ ಒಂದು ಪ್ರೆಶರ್ ನಂಬರ್ ಇದೆಯಲ್ಲ, ಅಷ್ಟೇ ತುಂಬಿಸಿದರೆ ಸಾಲದಾ?

ಬೇಡ. ಆ ಟೈರ್ ತನ್ನ ಪೂರ್ತಿ ಭಾರ ಹೊರಬೇಕಾದಾಗ ಬೇಕಾಗುವ ಒತ್ತಡ ಅದು. ಟೈರ್ ಮಾಡಿದವರಿಗೆ ಅದು ಯಾವ ಗಾಡಿಗೆ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ. ನಿಮ್ಮ ಗಾಡಿಗೆ ಎಷ್ಟು ಬೇಕು ಅಂತ ಗೊತ್ತಿರುವುದು ಗಾಡಿ ಮಾಡಿದವರಿಗೆ.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಹದಿನೈದು ದಿನಕ್ಕೊಮ್ಮೆ. ದಿನಾ ದೂರ ಓಡಿಸುವವರು, ಡಬಲ್ಸ್ ಜಾಸ್ತಿ ಹೋಗುವವರು ವಾರಕ್ಕೊಮ್ಮೆ. ಪಂಚರ್ ಏನೂ ಇಲ್ಲದಿದ್ದರೂ ಗಾಳಿ ರಬ್ಬರಿನ ಮೂಲಕ ನಿಧಾನಕ್ಕೆ ಹೊರಗೆ ಹೋಗುತ್ತಿರುತ್ತದೆ. ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಮಾಮೂಲಿ.

ಒಂದೆರಡು ಅಂದರೆ ಏನು ಮಹಾ ಅನ್ನಬೇಡಿ. ಸ್ಕೂಟರ್ ಟೈರು ಚಿಕ್ಕದು, ಒಳಗಿರುವ ಗಾಳಿಯೂ ಸ್ವಲ್ಪವೇ. ಇರಬೇಕಾದದ್ದು 22. ಅದರಲ್ಲಿ ಎರಡು ಹೋದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಹೋದಂತೆ. ಮೂರು ತಿಂಗಳು ನೋಡದೇ ಬಿಟ್ಟರೆ ಕಾಲು ಭಾಗವೇ ಖಾಲಿಯಾಗಿರಬಹುದು. ಅದೂ ನಿಧಾನಕ್ಕೆ ಇಳಿಯುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹ್ಯಾಂಡಲ್ ಭಾರವಾಗಿದ್ದಕ್ಕೂ ಕೈ ಹೊಂದಿಕೊಂಡುಬಿಟ್ಟಿರುತ್ತದೆ.

ಹೆಬ್ಬೆರಳಲ್ಲಿ ಒತ್ತಿ ನೋಡಿದ್ರೆ ಗೊತ್ತಾಗುತ್ತೆ, ಅಲ್ವಾ?

ಗೊತ್ತಾಗುವುದಿಲ್ಲ. ಸೈಕಲ್ ಟೈರಿಗೆ ಆ ಲೆಕ್ಕ ನಡೆಯುತ್ತದೆ. ಸ್ಕೂಟರ್ ಟೈರಿನ ಪಕ್ಕದ ಗೋಡೆ ದಪ್ಪ, ಬಿಗಿ. ಒಮ್ಮೆ ನನ್ನ ಹಿಂದಿನ ಟೈರ್ ಒತ್ತಿ, ಒದ್ದು ನೋಡಿ "ಗಟ್ಟಿ ಇದೆ" ಅಂದುಕೊಂಡಿದ್ದೆ. ಸುಮ್ನೆ ಮೀಟರ್ ಹಚ್ಚಿದರೆ 19 ತೋರಿಸಿತು, ಇರಬೇಕಾದದ್ದು 29. ಅವತ್ತಿನಿಂದ ಸೀಟಿನ ಕೆಳಗೆ ಒಂದು ಗಾಳಿ ಮೀಟರ್ ಇಟ್ಟಿದ್ದೇನೆ. ಪೆನ್ಸಿಲ್ ಥರದ್ದಾಗಲಿ, ಮುಳ್ಳಿನದಾಗಲಿ, ಡಿಜಿಟಲ್ ಆಗಲಿ, ಯಾವುದಾದರೂ ಸರಿ. ಯಾವಾಗಲೂ ಅದೊಂದರಲ್ಲೇ ನೋಡಿ. ಆಗ ಹೋದ ಸಲಕ್ಕಿಂತ ಎಷ್ಟು ಇಳಿದಿದೆ ಅಂತ ಸರಿಯಾಗಿ ತಿಳಿಯುತ್ತದೆ.

ಮನೆಯಲ್ಲೇ ಗಾಳಿ ನೋಡೋದು ಹೇಗೆ? ಯಾರೂ ಹೇಳಿಕೊಟ್ಟಿಲ್ಲ.

ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಚಕ್ರ ತಿರುಗಿಸಿ ವಾಲ್ವನ್ನು, ಅಂದರೆ ಗಾಳಿ ತುಂಬಿಸುವ ಮೂತಿಯನ್ನು, ಕೈಗೆ ಸಿಗುವ ಜಾಗಕ್ಕೆ ತನ್ನಿ. ಹಿಂದಿನ ಚಕ್ರದಲ್ಲಿ ಇದು ಸ್ವಲ್ಪ ಇಕ್ಕಟ್ಟು, ಬಾಗಿ ನೋಡಬೇಕು. ಕ್ಯಾಪ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ನೆಲದ ಮೇಲಿಟ್ಟರೆ ಕಳೆದುಹೋಗುತ್ತದೆ. ವಾಲ್ವಿನ ಬಾಯಿಯ ಮಣ್ಣನ್ನು ಬೆರಳಲ್ಲಿ ಒರೆಸಿ.

ಈಗ ಮೀಟರನ್ನು ನೇರವಾಗಿ, ಗಟ್ಟಿಯಾಗಿ ಒತ್ತಿ. ಮೊದಲು "ಸ್ಸ್" ಅಂತ ಒಂದು ಸದ್ದು ಬರುತ್ತದೆ. ಸರಿಯಾಗಿ ಕೂತ ಕೂಡಲೇ ಸದ್ದು ನಿಲ್ಲುತ್ತದೆ. ಸದ್ದು ನಿಲ್ಲದೇ ಇದ್ದರೆ ಮೀಟರ್ ಓರೆಯಾಗಿದೆ ಅಂತ ಅರ್ಥ, ಆ ಅಂಕಿಯನ್ನು ನಂಬಬೇಡಿ. ಎರಡು ಸಲ ಒತ್ತಿ, ಎರಡೂ ಒಂದೇ ಬಂದರೆ ಬರೆದಿಟ್ಟುಕೊಳ್ಳಿ.

ಕ್ಯಾಪ್ ಹಾಕುವ ಮುಂಚೆ ಇನ್ನೊಂದು ಕೆಲಸ. ಬೆರಳ ತುದಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಸವರಿ, ಹತ್ತು ಸೆಕೆಂಡ್ ನೋಡಿ. ಸಣ್ಣ ಗುಳ್ಳೆ ಉಬ್ಬಿದರೆ ಒಳಗಿನ ಪಿನ್ ಸೋರುತ್ತಿದೆ. ಗುಳ್ಳೆ ಇಲ್ಲದಿದ್ದರೆ ಕ್ಯಾಪ್ ಹಾಕಿ. ಅದು ಬರೀ ಅಂದಕ್ಕಲ್ಲ. ದೂಳು ತಡೆಯುತ್ತದೆ, ಪಿನ್ ಸ್ವಲ್ಪ ಸಡಿಲವಾದರೂ ಗಾಳಿಯನ್ನು ಹಿಡಿಯುತ್ತದೆ.

ಓಡಿಸಿಕೊಂಡು ಹೋಗಿ ಪಂಪಲ್ಲಿ ನೋಡಿದ್ರೆ ಜಾಸ್ತಿ ತೋರಿಸುತ್ತೆ. ಸ್ವಲ್ಪ ಬಿಡಿಸಲಾ?

ಬಿಡಿಸಬೇಡಿ. ಓಡಿದ ಟೈರ್ ಬಿಸಿಯಾಗುತ್ತದೆ, ಬಿಸಿ ಗಾಳಿ ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಸ್ಟಿಕ್ಕರ್‌ನಲ್ಲಿರುವ ಅಂಕಿ ತಣ್ಣಗಿರುವ ಟೈರಿಗೆ. ತಣ್ಣಗೆ ಅಂದರೆ ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು. ಬಿಸಿಯಿದ್ದಾಗ ಬಿಡಿಸಿದರೆ ಮಾರನೇ ದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಹಾಗಿದ್ರೆ ಪಂಪು ದೂರ ಇರುವವರು ಏನು ಮಾಡಬೇಕು? ಹೊರಡುವ ಮುಂಚೆ ಮನೆಯಲ್ಲೇ ನೋಡಿ. 25 ಇದೆ, 29 ಬೇಕು ಅಂದುಕೊಳ್ಳಿ, ಅಂದರೆ ನಾಲ್ಕು ಕಡಿಮೆ. ಪಂಪಿನಲ್ಲಿ ಅವರ ಮೀಟರ್ ಎಷ್ಟೇ ತೋರಿಸಲಿ, ಅದರ ಮೇಲೆ ನಾಲ್ಕು ಹಾಕಿಸಿ. ಬಿಸಿಯ ಲೆಕ್ಕವೂ ಸರಿಹೋಗುತ್ತದೆ, ಪಂಪಿನ ಮೀಟರ್ ಒಂದೆರಡು ಹೆಚ್ಚುಕಡಿಮೆ ತೋರಿಸುತ್ತಿದ್ದರೆ ಅದೂ ಸರಿಹೋಗುತ್ತದೆ.

## ಟೈರ್ ಕೊಳ್ಳುವಾಗ

90/100-10 53ಜೆ ಅಂತ ಬರೆದಿದೆ. ಇದನ್ನ ಓದೋದು ಹೇಗೆ?

90 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 100 ಅಂದರೆ ಎತ್ತರ ಅಗಲದ ನೂರಕ್ಕೆ ನೂರರಷ್ಟು, ಅಂದರೆ ಅದೂ 90 ಮಿಲಿಮೀಟರೇ. 10 ಅಂದರೆ ರಿಮ್ ಎಷ್ಟು ಇಂಚು ಅಂತ. 53 ಭಾರದ ಸಂಕೇತ: ಈ ಟೈರ್ 206 ಕಿಲೋ ಹೊರಬಲ್ಲದು. ಜೆ ವೇಗದ ಸಂಕೇತ: ಗಂಟೆಗೆ 100 ಕಿಲೋಮೀಟರ್‌ವರೆಗೆ. ಎಲ್ ಇದ್ದರೆ 120.

ಬದಲಿ ಟೈರ್ ತರುವಾಗ ಅಳತೆ ಅದೇ ಇರಲಿ. ಭಾರದ ಅಂಕಿ, ವೇಗದ ಅಕ್ಷರ ಹಳೆಯದಕ್ಕಿಂತ ಕಡಿಮೆ ಇರಬಾರದು. ಜಾಸ್ತಿ ಇದ್ದರೆ ತೊಂದರೆಯಿಲ್ಲ.

ಅಂಗಡಿಯಲ್ಲಿ ನಿಂತಾಗ ಒಳ್ಳೆ ಟೈರ್ ಯಾವುದು ಅಂತ ಹೇಗೆ ಗುರುತಿಸಲಿ?

ಕಣ್ಣಿಗೆ ಎಲ್ಲಾ ಟೈರೂ ಕಪ್ಪಗೆ, ಹೊಳೆಯುತ್ತಾ ಒಂದೇ ಥರ ಕಾಣುತ್ತವೆ. ಆದರೂ ನೋಡಬೇಕಾದದ್ದು ಇದೆ. ಟೈರನ್ನು ಕೈಯಲ್ಲಿ ಸ್ವಲ್ಪ ಬಗ್ಗಿಸಿ ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೈಯ, ಗೀರುಗಳ ಬುಡ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ರಿಮ್ಮಿಗೆ ಕೂರುವ ಅಂಚನ್ನು ಬೆರಳಲ್ಲಿ ಸುತ್ತ ಸವರಿ. ಅದು ನುಣ್ಣಗಿರಬೇಕು, ಹರಿದಿರಬಾರದು, ಮಡಚಿರಬಾರದು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲಿಸುವುದೇ ಆ ಅಂಚು. ಅಂಗಡಿಯವರು ಟೈರುಗಳನ್ನು ಬಿಸಿಲಿಗೆ ಜೋಡಿಸಿಟ್ಟಿದ್ದರೆ ಒಳಗೆ ನೆರಳಿನಲ್ಲಿರುವುದನ್ನು ಕೇಳಿ ತಗೊಳ್ಳಿ. ಬಿಸಿಲು ರಬ್ಬರಿನ ಜೀವ ತೆಗೆಯುತ್ತದೆ.

ಇನ್ನು ಗುಣದ ಮಾತು. "ಈ ಟೈರ್ ಬೇಗ ಸವೆಯಿತು, ಕಳಪೆ" ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೆತ್ತನೆಯ ರಬ್ಬರ್ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಹಳ ದಿನ ಬರುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಸಿಲಿಕಾ (ಮರಳಿನಲ್ಲಿರುವ ಪದಾರ್ಥದ ನುಣ್ಣನೆಯ ಪುಡಿ) ಬೆರೆಸಿದ ರಬ್ಬರ್ ಒದ್ದೆಯಲ್ಲೂ ಹಿಡಿತ ಕೊಡುತ್ತದೆ. ಎರಡು ಚಕ್ರದ ಗಾಡಿಯಲ್ಲಿ ಜಾರಿದರೆ ಹಿಡಿದುಕೊಳ್ಳಲು ಇನ್ನೆರಡು ಚಕ್ರ ಇಲ್ಲ. ಹಾಗಾಗಿ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಹಿಡಿತವನ್ನೇ ಆರಿಸುತ್ತೇನೆ, ಅದರಲ್ಲೂ ಮುಂದಿನ ಚಕ್ರಕ್ಕೆ.

ಗೀರು ಇನ್ನೂ ಆಳವಾಗಿದೆ, ಆದರೆ ಟೈರ್ ಹಳೇದು. ಓಡಿಸಬಹುದಾ?

ಮೊದಲು ಎಷ್ಟು ಹಳೆಯದು ಅಂತ ನೋಡಿ. ಪಕ್ಕದಲ್ಲಿ ಒಂದು ಉದ್ದನೆಯ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕ ನೋಡಿ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರ ಕೈಲಿ ತೋರಿಸಬೇಕು. ಹತ್ತು ವರ್ಷವಾದರೆ ಹೊಸದರಂತೆ ಕಂಡರೂ ತೆಗೆಯಬೇಕು. ಓಡದಿದ್ದರೂ ರಬ್ಬರ್ ಗಾಳಿ, ಬಿಸಿಲಿಗೆ ಒಣಗುತ್ತಾ ಹೋಗುತ್ತದೆ. ಉಗುರಿನಲ್ಲಿ ಟ್ರೆಡ್ ಒತ್ತಿ ನೋಡಿ. ಜೀವ ಇರುವ ರಬ್ಬರ್ ಸ್ವಲ್ಪ ತಗ್ಗಿ ಮತ್ತೆ ಏಳುತ್ತದೆ. ಒಣಗಿದ್ದು ಪ್ಲಾಸ್ಟಿಕ್ ಥರ ಇರುತ್ತದೆ. ಅಂಥದ್ದನ್ನು ಆರನೇ ವರ್ಷಕ್ಕೇ ತೆಗೆದುಬಿಡಿ.

ಟ್ಯೂಬ್ ಇರೋದು ಒಳ್ಳೇದಾ, ಟ್ಯೂಬ್‌ಲೆಸ್ಸಾ?

ನಿಮ್ಮ ರಿಮ್ ಟ್ಯೂಬ್‌ಲೆಸ್‌ಗೆ ಮಾಡಿದ್ದಾದರೆ ಟ್ಯೂಬ್‌ಲೆಸ್ಸೇ. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗಬಹುದು, ಗಾಡಿ ಓಲಾಡಿಬಿಡುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮೊಳೆಯೇ ತೂತನ್ನು ಅರ್ಧ ಮುಚ್ಚಿರುತ್ತದೆ, ಗಾಳಿ ನಿಧಾನಕ್ಕೆ ಇಳಿಯುತ್ತದೆ.

ಹಳೇ ಸ್ಕೂಟರುಗಳ ರಿಮ್ ಎರಡು ಹೋಳು ಸೇರಿಸಿ ನಟ್ ಹಾಕಿ ಬಿಗಿದದ್ದು. ಆ ಸಂದಿಯಲ್ಲಿ ಗಾಳಿ ನಿಲ್ಲುವುದಿಲ್ಲ, ಅದಕ್ಕೆ ಟ್ಯೂಬ್ ಬೇಕೇ ಬೇಕು. ಅಂಥ ಗಾಡಿ ಇಟ್ಟಿರುವವರು ಇದೊಂದನ್ನು ನೆನಪಿಡಿ: ಹೋಳುಗಳನ್ನು ಹಿಡಿದಿರುವ ನಟ್ ಬಿಚ್ಚುವ ಮುಂಚೆ ಗಾಳಿ ಪೂರ್ತಿ ತೆಗೆಯಲೇಬೇಕು. ಇಲ್ಲದಿದ್ದರೆ ರಿಮ್ ಸಿಡಿದು ಕೈ, ಮುಖಕ್ಕೆ ಹೊಡೆಯುತ್ತದೆ. ಆ ಗಾಡಿಗಳ ಜೊತೆ ಬರುತ್ತಿದ್ದ ಸ್ಟೆಪ್ನಿಗೂ ಒಂದು ಕತೆಯಿದೆ. ಆ ಹೆಸರು ಬಂದದ್ದು ವೇಲ್ಸ್‌ನ ಒಂದು ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಮೋಟಾರು ಗಾಡಿಗಳಿಗೆ ಬಿಡಿ ಚಕ್ರ ಮಾಡಲು ಶುರು ಮಾಡಿದ್ದು ಅಲ್ಲೇ.

ಸ್ವಲ್ಪ ಅಗಲದ ಟೈರ್ ಹಾಕಿಸಿದರೆ ಗ್ರಿಪ್ ಜಾಸ್ತಿ ಆಗುತ್ತಾ?

ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ರಿಮ್ಮಿನ ಅಗಲಕ್ಕೆ ಮೀರಿದ ಟೈರ್ ಸೊಟ್ಟ ಕೂರುತ್ತದೆ, ತಿರುವಿನಲ್ಲಿ ಗಾಡಿ ಬಗ್ಗುವ ರೀತಿಯೇ ಬದಲಾಗುತ್ತದೆ. ಮಡ್‌ಗಾರ್ಡ್‌ಗೆ ಉಜ್ಜಬಹುದು. ಚಕ್ರದ ಸುತ್ತಳತೆ ಬದಲಾದರೆ ಸ್ಪೀಡೋಮೀಟರ್ ಕೂಡ ತಪ್ಪು ತೋರಿಸಬಹುದು.

ಹೊಸ ಟೈರ್ ಹಾಕಿಸಿದ ದಿನಾನೇ ಜಾರಿ ಬಿದ್ದೆ. ಟೈರ್ ಸರಿ ಇಲ್ವಾ?

ಟೈರ್ ಸರಿಯಾಗಿಯೇ ಇರಬಹುದು. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಪದಾರ್ಥವೂ ಅಂಟಿಕೊಂಡಿರಬಹುದು. ಮೊದಲ 150 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಜೋರಾಗಿ ಬ್ರೇಕ್ ಹಾಕಬೇಡಿ, ತಿರುವಿನಲ್ಲಿ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಜಾಸ್ತಿ ಬಗ್ಗಿಸಿ. ಮೈ ಹೊಳಪು ಹೋಗಿ ಮಂಕಾದ ಜಾಗ ಹಿಡಿತಕ್ಕೆ ಸಿದ್ಧ. ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇದೆಯಾ ಅಂತಲೂ ನೋಡಿಕೊಳ್ಳಿ.

ಟೈರಿಗೆ ಪಾಲಿಶ್ ಹಚ್ಚುವವರಿಗೂ ಒಂದು ಮಾತು. ರಸ್ತೆಗೆ ತಾಗುವ ಜಾಗಕ್ಕೆ ಅದು ಒಂದು ತೊಟ್ಟೂ ಬೀಳಬಾರದು.

## ತೊಂದರೆ ಬಂದಾಗ

ಪಂಚರ್ ಇಲ್ಲ ಅಂತಾರೆ, ಆದರೂ ವಾರ ವಾರ ಗಾಳಿ ಇಳಿಯುತ್ತೆ. ಎಲ್ಲಿ ಹೋಗುತ್ತೆ?

ಇದು ನನ್ನನ್ನೂ ತಿಂಗಳುಗಟ್ಟಲೆ ಕಾಡಿದ ತೊಂದರೆ. ಪಂಚರ್ ಅಂಗಡಿಯಲ್ಲಿ ಟ್ರೆಡ್ ಮೇಲೆ ನೀರು ಹಾಕಿ ನೋಡಿ "ಏನೂ ಇಲ್ಲ" ಅಂದರು. ಮತ್ತೆ ಆರು ದಿನಕ್ಕೆ ಎಂಟು ಪಿಎಸ್‌ಐ ಇಳಿಯಿತು.

ಕೊನೆಗೆ ಮನೆಯಲ್ಲಿ ಸೋಪು ನೀರು ಮಾಡಿಕೊಂಡು ಕೂತೆ. ಮೊದಲು ವಾಲ್ವಿನ ಬಾಯಿ, ಗುಳ್ಳೆ ಇಲ್ಲ. ಆಮೇಲೆ ವಾಲ್ವಿನ ಬುಡಕ್ಕೆ ನೊರೆ ಹಚ್ಚಿದೆ, ಆಗಲೂ ಇಲ್ಲ. ಸುಮ್ನೆ ವಾಲ್ವನ್ನು ಬೆರಳಲ್ಲಿ ಒಂದು ಕಡೆಗೆ ಬಗ್ಗಿಸಿದೆ. ಬುಡದ ರಬ್ಬರಿನಲ್ಲಿ ತುಟಿ ಬಿರಿದಂತೆ ಒಂದು ಬಿರುಕು ಬಾಯಿ ಬಿಟ್ಟಿತು, ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ಬಿಟ್ಟ ಕೂಡಲೇ ಮುಚ್ಚಿಕೊಂಡಿತು. ಚಕ್ರ ನಿಂತಾಗ ಸೋರದೆ, ತಿರುಗುವಾಗ ಮಾತ್ರ ಸೋರುತ್ತಿತ್ತು. ವಾಲ್ವ್ ಬದಲಾಯಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಅಂದಿನಿಂದ ಟೈರ್ ಬದಲಾಯಿಸುವಾಗೆಲ್ಲ ವಾಲ್ವನ್ನೂ ಬದಲಾಯಿಸುತ್ತೇನೆ.

ವಾಲ್ವ್ ಸರಿಯಿದ್ದರೆ ರಿಮ್ ಮತ್ತು ಟೈರ್ ಸೇರುವ ಅಂಚಿನ ಸುತ್ತ ಸೋಪು ನೀರು ಹಚ್ಚಿ. ಉಕ್ಕಿನ ರಿಮ್ಮಿನಲ್ಲಿ ತುಕ್ಕು ಎದ್ದು ಅಂಚು ಒರಟಾಗಿರುತ್ತದೆ. ಅಲಾಯ್ ರಿಮ್ ಗುಂಡಿಗೆ ಬಿದ್ದು ಒಂದು ಕಡೆ ಬೆಂಡ್ ಆಗಿರಬಹುದು. ತುಕ್ಕನ್ನು ಉಜ್ಜಿ ತೆಗೆದು ಮತ್ತೆ ಕೂರಿಸಿದರೆ ಎಷ್ಟೋ ಸಲ ನಿಲ್ಲುತ್ತದೆ.

ಮೊಳೆ ಚುಚ್ಚಿಕೊಂಡಿರೋದು ಕಾಣಿಸ್ತಿದೆ. ಕಿತ್ತು ಹಾಕಲಾ?

ಕೀಳಬೇಡಿ, ಪಂಚರ್ ಹಾಕುವವರು ಎದುರಿಗೆ ಇರುವ ತನಕ. ಗಾಳಿ ನೋಡಿ, ಇದ್ದರೆ ಮೆಲ್ಲಗೆ ಓಡಿಸಿಕೊಂಡು ಹೋಗಿ. ಪೂರ್ತಿ ಇಳಿದಿದ್ದರೆ ಓಡಿಸಲೇಬೇಡಿ. ರಿಮ್ ಮತ್ತು ರಸ್ತೆಯ ನಡುವೆ ಟೈರ್ ಅರೆದು ಒಳಗಿನ ನೂಲೆಲ್ಲ ಹರಿಯುತ್ತದೆ, ಆಮೇಲೆ ಪಂಚರ್ ಹಾಕಿದರೂ ಪ್ರಯೋಜನವಿಲ್ಲ.

ಟ್ರೆಡ್ ನಡುವೆ, ಆರು ಮಿಲಿಮೀಟರಿಗಿಂತ ಸಣ್ಣ ತೂತಿದ್ದರೆ ಮುಚ್ಚಬಹುದು. ಪಕ್ಕದ ಗೋಡೆಯಲ್ಲಿ ತೂತಾದರೆ ಟೈರನ್ನೇ ಬದಲಾಯಿಸಬೇಕು. ಆ ಜಾಗ ಪ್ರತಿ ಸುತ್ತಿಗೂ ಬಗ್ಗುತ್ತದೆ, ಅಲ್ಲಿ ಯಾವ ತೇಪೆಯೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಗುಳ್ಳೆಯಂತೆ ಊದಿಕೊಂಡಿದ್ದರೂ ಇದೇ ಮಾತು.

ಟೈರ್ ಸವೆದದ್ದು ನೋಡಿ ಏನಾದರೂ ಹೇಳಬಹುದಾ?

ಹೇಳಬಹುದು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಬಹಳ ದಿನ ಗಾಳಿ ಕಡಿಮೆ ಇತ್ತು. ನಡು ಮಾತ್ರ ಬೇಗ ಚಪ್ಪಟೆಯಾದರೆ ಗಾಳಿ ಜಾಸ್ತಿ ಇರಬಹುದು, ಆದರೆ ನೇರ ರಸ್ತೆಯಲ್ಲೇ ಓಡುವ ಗಾಡಿಗೆ ನಡು ಸವೆಯುವುದು ಸಹಜ. ಒಂದೇ ಪಕ್ಕ ಸವೆದರೆ ಚಕ್ರ ನೇರವಾಗಿದೆಯಾ ನೋಡಿಸಿ.

ಗೀರುಗಳ ಬುಡದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಆ ಜಾಗ ತೋರಿಸಲು ಪಕ್ಕದಲ್ಲಿ ಒಂದು ತ್ರಿಕೋನ ಅಥವಾ ಟಿಡಬ್ಲ್ಯುಐ (ಟ್ರೆಡ್ ಎಷ್ಟು ಸವೆದಿದೆ ಅಂತ ತೋರಿಸುವ ಗುರುತು) ಅಂತ ಇರುತ್ತದೆ. ಟ್ರೆಡ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಮಳೆಗಾಲ ಹತ್ತಿರ ಇದ್ದರೆ ಅಲ್ಲಿಯ ತನಕವೂ ಕಾಯಬೇಡಿ.

ನೈಟ್ರೋಜನ್ ಹಾಕಿಸಬೇಕಾ?

ಬೇಕೇಬೇಕು ಅಂತಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಒಣ ನೈಟ್ರೋಜನ್ ಸ್ವಲ್ಪ ನಿಧಾನಕ್ಕೆ ಇಳಿಯುತ್ತದೆ, ಅಷ್ಟೆ. ಅದನ್ನು ಹಾಕಿಸಿ ಮೂರು ತಿಂಗಳು ನೋಡದೇ ಇರುವುದಕ್ಕಿಂತ ಮಾಮೂಲಿ ಗಾಳಿ ಹಾಕಿಸಿ ಹದಿನೈದು ದಿನಕ್ಕೊಮ್ಮೆ ನೋಡುವುದು ಎಷ್ಟೋ ಮೇಲು.

## ಇನ್ನೂ ಆಳಕ್ಕೆ ಹೋಗುವವರಿಗೆ

ಗಾಳಿ ಕಡಿಮೆ ಇದ್ರೆ ಟೈರ್ ಜಾಸ್ತಿ ನೆಲಕ್ಕೆ ತಾಗುತ್ತೆ. ಹಾಗಿದ್ರೆ ಮಳೆಯಲ್ಲಿ ಸ್ವಲ್ಪ ಇಳಿಸಿದ್ರೆ ಒಳ್ಳೇದಲ್ವಾ?

ಜಾಸ್ತಿ ತಾಗುತ್ತದೆ ಅನ್ನುವುದು ನಿಜ. ಲೆಕ್ಕ ಹಾಕೋಣ. ಹಿಂದಿನ ಚಕ್ರದ ಮೇಲೆ 108 ಕಿಲೋ ಭಾರ, ಒಳಗೆ 29 ಪಿಎಸ್‌ಐ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡು ಕಿಲೋ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 53 ಚದರ ಸೆಂಟಿಮೀಟರ್. ಟೈರಿನ ಗೋಡೆಯ ಬಿಗಿಯಿಂದ ಸ್ವಲ್ಪ ಆಚೀಚೆ ಆಗಬಹುದು. ಬೆರಳು ಬಿಟ್ಟರೆ ಉಳಿಯುವ ಅಂಗೈಯಷ್ಟೂ ಇಲ್ಲ. ಗಾಳಿ ಇಳಿದರೆ ಈ ಜಾಗ ಹರಡುತ್ತದೆ. ಆದರೆ ನಡುವಿನ ಭಾಗ ಒಳಕ್ಕೆ ಬಾಗಿ ಭಾರವೆಲ್ಲ ಅಂಚುಗಳಿಗೆ ಬೀಳುತ್ತದೆ, ನೀರು ಹೊರಗೆ ಹಾಕಬೇಕಾದ ಗೀರುಗಳು ಮುಚ್ಚಿಕೊಳ್ಳುತ್ತವೆ. ಮಳೆಯಲ್ಲಿ ಬೇಕಾದದ್ದೇ ಆ ಗೀರುಗಳು.

ಇನ್ನೊಂದು ಬಿಸಿಯ ಪ್ರಶ್ನೆ. 90/100-10 ಚಕ್ರ ಒಂದು ಕಿಲೋಮೀಟರಿಗೆ ಸುಮಾರು 730 ಸುತ್ತು ಸುತ್ತುತ್ತದೆ. 17 ಇಂಚಿನ ಬೈಕ್ ಚಕ್ರಕ್ಕೆ ಅದೇ ದೂರಕ್ಕೆ ಸುಮಾರು 520 ಸುತ್ತು ಸಾಕು. ಪ್ರತಿ ಸುತ್ತಿಗೂ ಗೋಡೆ ಒಮ್ಮೆ ಬಗ್ಗಿ ಏಳುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಜಾಸ್ತಿ ಬಗ್ಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ, ಒಳಗಿನ ನೂಲು ಸಡಿಲವಾಗುತ್ತದೆ. ಹಾಗೆ ಬಗ್ಗಿಸುವುದಕ್ಕೆ ಹೋಗುವ ಶಕ್ತಿ ನಿಮ್ಮ ಮೈಲೇಜಿನಿಂದಲೇ ಹೋಗುವುದು.

ಹಿಂದಿನ ಟೈರೇ ಯಾಕೆ ಬೇಗ ಸವೆಯುತ್ತೆ? ಮುಂದಿನದಕ್ಕೆ ಅದಲು ಬದಲು ಮಾಡಲಾ?

ಸ್ಕೂಟರಿನ ಇಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಇರುತ್ತದೆ. ಓಡಿಸುವವರ ಭಾರ, ಹಿಂದೆ ಕೂತವರ ಭಾರ ಹೆಚ್ಚಿನದೂ ಅಲ್ಲೇ. ಎಳೆಯುವ ಕೆಲಸವೂ ಅದರದ್ದೇ. ಸವೆಯದೆ ಇನ್ನೇನು? ಅದಲು ಬದಲು ಬೇಡ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಆಗ ನಿಲ್ಲಿಸುವುದು ಮುಂದಿನ ಟೈರ್. ಅದು ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಈಗ ಮುಂದೆ 12, ಹಿಂದೆ 10 ಇಂಚಿನ ರಿಮ್ ಇರುವ ಗಾಡಿಗಳೂ ಬಹಳ, ಅವುಗಳಲ್ಲಿ ಬದಲಾಯಿಸಲು ಆಗುವುದೂ ಇಲ್ಲ.

ಎಲೆಕ್ಟ್ರಿಕ್ ಸ್ಕೂಟರಿಗೆ ಬೇರೆ ಲೆಕ್ಕನಾ?

ಭೌತಶಾಸ್ತ್ರ ಅದೇ, ಅಂಕಿ ಬೇರೆ ಇರಬಹುದು. ಬ್ಯಾಟರಿಯ ಭಾರ ಇದೆ. ಮೋಟಾರ್ ನಿಂತಲ್ಲಿಂದಲೇ ಜೋರಾಗಿ ಎಳೆಯುತ್ತದೆ. ಹಾಗಾಗಿ ಹಿಂದಿನ ಟೈರಿಗೆ ಕೆಲಸ ಜಾಸ್ತಿ. ಗಾಳಿ ಕಡಿಮೆಯಾದರೆ ಒಂದು ಚಾರ್ಜಿಗೆ ಓಡುವ ದೂರ ಕಡಿಮೆಯಾಗುತ್ತದೆ. ಬ್ಯಾಟರಿ ಹಾಳಾಯಿತು ಅಂತ ಗಾಬರಿಯಾಗುವ ಮುಂಚೆ ಒಮ್ಮೆ ಮೀಟರ್ ಹಚ್ಚಿ ನೋಡಿ.

ಎರಡು ಮೂರು ತಿಂಗಳು ಊರಲ್ಲಿ ಇರೋದಿಲ್ಲ. ನಿಲ್ಲಿಸಿ ಹೋಗುವಾಗ ಟೈರಿಗೆ ಏನು ಮಾಡಲಿ?

ಸೆಂಟರ್ ಸ್ಟ್ಯಾಂಡ್ ಹಾಕಿ, ಸೈಡ್ ಸ್ಟ್ಯಾಂಡ್ ಬೇಡ. ಹೊರಡುವ ದಿನ ಗಾಳಿ ಸರಿಯಾಗಿ ತುಂಬಿಸಿ. ನೆರಳಿನಲ್ಲಿ, ನೆಲದ ಮೇಲೆ ಎಣ್ಣೆ, ಪೆಟ್ರೋಲ್ ಚೆಲ್ಲಿರದ ಜಾಗದಲ್ಲಿ ನಿಲ್ಲಿಸಿ. ಎರಡೂ ರಬ್ಬರನ್ನು ಮೆತ್ತಗೆ ಮಾಡಿ ಹಾಳು ಮಾಡುತ್ತವೆ. ನೆಲಕ್ಕೆ ತಾಗಿರುವ ಟೈರಿನ ಕೆಳಗೆ ಒಂದು ಹಲಗೆ ಇಡಿ. ಮನೆಯಲ್ಲಿ ಯಾರಾದರೂ ಇದ್ದರೆ ಹದಿನೈದು ದಿನಕ್ಕೊಮ್ಮೆ ಚಕ್ರವನ್ನು ಕಾಲು ಸುತ್ತು ತಿರುಗಿಸಿಡಲು ಹೇಳಿ. ಒಂದೇ ಜಾಗ ನೆಲಕ್ಕೆ ಒತ್ತಿಕೊಂಡು ಚಪ್ಪಟೆಯಾಗುವುದು ಇದರಿಂದ ತಪ್ಪುತ್ತದೆ. ವಾಪಸ್ ಬಂದ ದಿನ ಕೀಲಿ ಕೈಗೆ ತೆಗೆದುಕೊಳ್ಳುವ ಮುಂಚೆ ಮೀಟರ್ ತೆಗೆದುಕೊಳ್ಳಿ.